ಸೇವ್ ಆಗದ ಹೆಸರು

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಶರಾವತಿ ಮೇಡಂ.

ಒಂದು ಹಾಸ್ಟೆಲಿನಲ್ಲಿ ಒಂದೇ ಸೀಟು ಉಳಿದಿತ್ತು. ಪಟ್ಟಿಯಲ್ಲಿ ಅದು ಗಾರೆ ಕೆಲಸದವರ ಮಗಳು ಶಿವಗಂಗಾಳ ಹೆಸರಿಗಿತ್ತು; ಅದು ತಪ್ಪಿದರೆ ಅವಳ ಓದೇ ತಪ್ಪುತ್ತಿತ್ತು. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಬಂದು ಗುಮಾಸ್ತೆಯ ಮುಂದೆ ನಿಂತರು.

“ಅವಳ ಹೆಸರು ತೆಗೆದು ನನ್ನ ನಾದಿನಿ ಮಗಳದ್ದು ಹಾಕಮ್ಮ.”

ಗುಮಾಸ್ತೆ ಕಪ್ಪು ಪರದೆಯಲ್ಲಿ ಪಟ್ಟಿ ತೆರೆದಳು. ಸಿ, ಡಬ್ಲ್ಯೂ ಒತ್ತಿದಳು. ಹೆಸರು ಮಾಯವಾಯಿತು. ಎದ್ದು ಕುರ್ಚಿ ಬಿಟ್ಟುಕೊಟ್ಟಳು.

“ಇಂಥ ದೊಡ್ಡ ತೀರ್ಮಾನ ನನ್ನ ಕೈಯಲ್ಲಿ ಬೇಡ ಸಾರ್. ನೀವೇ ಟೈಪ್ ಮಾಡಿ.”

ಅವರು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿ, ತೃಪ್ತಿಯಿಂದ ಹೊರಟರು. ಸೇವ್ ಮಾಡದೆ ಪರದೆಯ ಮೇಲಿನದು ಫೈಲಿಗೆ ಹೋಗುವುದಿಲ್ಲವೆಂದು ಅವರಿಗೆ ತಿಳಿದಿರಲಿಲ್ಲ. ಅವಳು ಎಸ್ಕೇಪ್ ಒತ್ತಿದಳು. ಆಮೇಲೆ ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ. ಫೈಲು ಸೇವ್ ಆಗದೆಯೇ ಮುಚ್ಚಿಕೊಂಡಿತು. ಪಟ್ಟಿ ಮೊದಲಿನಂತೆಯೇ ಅಚ್ಚಾಯಿತು.

ಮರುದಿನ ಅವರು ನೋಟೀಸ್ ಬೋರ್ಡಿನ ಮುಂದೆಯೇ ಕೇಳಿದರು, “ನಾನೇ ಕೈಯಾರೆ ತಿದ್ದಿದ್ದೆನಲ್ಲಮ್ಮ?”

“ಹಾಗಂತ ಒಂದು ಸಾಲು ಬರೆದುಕೊಡಿ ಸಾರ್. ಪ್ರಿನ್ಸಿಪಾಲರಿಗೆ ತೋರಿಸಿ ಈಗಲೇ ಬದಲಾಯಿಸ್ತೀನಿ.”

ಅವರು ಪೆನ್ನು ತೆಗೆದರು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಮತ್ತೆ ಜೇಬಿಗೇ ಸಿಕ್ಕಿಸಿಕೊಂಡರು.

ಶಿವಗಂಗಾ ಅಂದು ಸಂಜೆಯೇ ಟ್ರಂಕು ತಂದಳು.

ನೀವೂ ಇದನ್ನು ನಾಲ್ಕು ಜನಕ್ಕೆ ಹೇಳಿ. ಕೇಳುವವರು ಯಾವುದಾದರೂ ಮಂಡಳಿಯ ಕಾರ್ಯದರ್ಶಿಯಾಗಿದ್ದರೆ, ಅವಳು ಯಾವ ಯಾವ ಕೀ ಒತ್ತಿದಳೆಂಬುದನ್ನು ಮಾತ್ರ ಬಿಟ್ಟು ಹೇಳಿ.