ಕುಮಾರಿಯ ತಲೆಯ ಮಡಿಕೆಗಳು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಕನಕಾಂಬೆಯ ಮಾತು ನಿಂತಿದೆ. ತಲೆಯೊಳಗಿನ ಗಂಟು ಕೀಳಲು ಎಲ್ಲಿ ಕೊರೆಯಬೇಕೆಂದು ತೋರಿಸುವವನು ಮೊದಲು ಅರಸರ ಮೂರು ಒಗಟು ಬಿಡಿಸಲಿ. ಗೆದ್ದರೆ ಅರ್ಧ ರಾಜ್ಯ, ತಪ್ಪಿದರೆ ತಲೆದಂಡ!"

ಡಂಗುರ ಕೇಳಿ ಮೂವರು ಬಂದರು: ನೆರೆನಾಡಿನ ರಾಜಕುಮಾರ, ಆಸ್ಥಾನದ ವೈದ್ಯ ತ್ರಿಯಂಬಕ, ಅರಮನೆಯ ಬಟ್ಟೆ ಒಗೆಯುವ ಮಾಚಪ್ಪ. ಮಾಚಪ್ಪನಿಗೆ ರಾಜ್ಯದ ಆಸೆಯಿರಲಿಲ್ಲ. ಹೋದ ವರ್ಷ ಇದೇ ರೋಗಕ್ಕೆ ತ್ರಿಯಂಬಕ ತನ್ನ ನಕ್ಷೆಯಂತೆ ತಲೆ ಕೊರೆದು ಅರಸನ ಮಗ ಯುವರಾಜ ಸತ್ತಾಗ ಹಾಸಿಗೆಯ ರಕ್ತ ಒಗೆದವನು ಅವನೇ. ಅಂಥದ್ದನ್ನು ಇನ್ನೊಮ್ಮೆ ಒಗೆಯುವುದು ಅವನಿಂದಾಗದು.

ಕುಮಾರಿಯ ಎದುರಿಗೆ ಹಿಂದೆಂದೋ ರಕ್ಕಸಿಯೊಬ್ಬಳು ಕೊಟ್ಟ ಮಾಯಾಕನ್ನಡಿಯಿತ್ತು. ಅದರಲ್ಲಿ ಅವಳ ತಲೆಯ ಒಳಗಿನದೆಲ್ಲ ಕಾಣುತ್ತಿತ್ತು. ಅವಳು ಮಾತಿಗೆ ತಡಕಾಡಿದಾಗ ಮಾತಿನ ಜಾಗ ಕೆಂಡದಂತೆ ಹೊಳೆಯುತ್ತಿತ್ತು. ಗಂಟು ಕೀಳುವಾಗ ಆ ಜಾಗಕ್ಕೆ ಕೈ ತಾಗಬಾರದು.

"ಪುಟ್ಟ ಗಡಿಗೆಯೊಳಗೆ ದೊಡ್ಡ ಅರಿವೆ. ನೇಯ್ದವರಿಲ್ಲ, ಹರವಿದವರಿಲ್ಲ. ಏನದು?" ಎಂದ ಅರಸ.

"ಆಕಾಶ!" ಎಂದ ರಾಜಕುಮಾರ. ಭಟರು ಅವನನ್ನು ಎಳೆದೊಯ್ದರು. ಹೊರಗಿನಿಂದ ಬಂದ ಕೂಗು ಅರ್ಧಕ್ಕೇ ನಿಂತಿತು. ಮಾಚಪ್ಪ ಮುಂದೆ ಬಂದು ಕೈ ಮುಗಿದ.

"ಮೆದುಳಿನ ಸಿಪ್ಪೆ, ಬುದ್ಧೀ. ಮುದುರಿ ಬುರುಡೆಯೊಳಗೆ ಕೂತೈತೆ."

"ಗೋಡೆಗೆ ಗೋಡೆ ತಾಗಿದ ಎರಡು ಮನೆ. ನಡೆದು ಹೋದರೆ ಬಲು ದೂರ. ಹೇಗೆ?"

"ಸೀರೆ ಮಡಿಸಿದ್ರೆ ಸೆರಗಿನ ಕಲೆ ಒಡಲಿನ ಕಲೆಗೆ ತಾಗ್ತದೆ, ಬಿಡಿಸಿದ್ರೆ ಮಾರು ದೂರ. ಒಂದೇ ಮಡಿಕೆಯ ಎರಡು ಮಗ್ಗುಲು, ಬುದ್ಧೀ."

"ನಾನೂ ಅದನ್ನೇ ಹೇಳಲಿದ್ದೆ," ಎಂದ ತ್ರಿಯಂಬಕ.

"ಹಾಗಾದರೆ ಇದಕ್ಕೆ ನೀವೇ ಹೇಳಿ," ಎಂದ ಅರಸ. " ನೂರು ತಲೆ ನೋಡಿ ಬರೆದ ಒಂದು ನಕ್ಷೆ ಯಾರ ತಲೆಯದು?"

ನಕ್ಷೆ ವೈದ್ಯನೇ ಬರೆದದ್ದು. "ಎಲ್ಲರದೂ, ಪ್ರಭು!" ಎಂದ ಹೆಮ್ಮೆಯಿಂದ.

ಅರಸನ ಮುಖ ಕಪ್ಪಿಟ್ಟಿತು. "ನನ್ನ ಮಗನದೂ?"

ವೈದ್ಯ ಅರಸನ ಕಾಲಿಗೆ ಬಿದ್ದ. ಮಾಚಪ್ಪ ಮೆಲ್ಲಗೆ ಹೇಳಿದ: "ಯಾರದೂ ಅಲ್ಲ, ಬುದ್ಧೀ. ಒಬ್ಬೊಬ್ಬರ ತಲೆ ಒಂದೊಂದು ಥರ ಮುದುರಿರ್ತದೆ. ಅಮ್ಮಾವ್ರ ಕೆಂಡಾನ ಅಮ್ಮಾವ್ರ ಮಡಿಕೆ ಮೇಲೇ ಗುರುತು ಹಾಕ್ಬೇಕು."

ಅವನು ಒದ್ದೆ ಬಟ್ಟೆಯನ್ನು ಕನ್ನಡಿ ನೋಡಿ ನೋಡಿ ಮಡಿಕೆಗೆ ಮಡಿಕೆ ಹೊಂದಿಸಿ ಮುದುರಿದ. ಮನೆಮನೆಯ ಬಟ್ಟೆಗೆ ಗುರುತು ಹಾಕುವ ಕೇರುಬೀಜದ ರಸದಿಂದ ಕೆಂಡದ ಜಾಗಕ್ಕೊಂದು ಚುಕ್ಕೆ, ಗಂಟಿಗೊಂದು ಚುಕ್ಕೆ ಇಟ್ಟ. ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬಟ್ಟೆ ಬಿಡಿಸಿದಾಗ ನಡುವೆ ಗೇಣು ಅಂತರವಿತ್ತು, ಕೆಂಡದ ಜಾಗ ಮುಟ್ಟದೆ ಗಂಟಿಗೆ ಹೋಗುವ ಬೇರೆಯೇ ದಾರಿ ಕಂಡಿತು.

ಭಟರು ವೈದ್ಯನ ರಟ್ಟೆ ಹಿಡಿದರು.

"ಬಿಡಿ ಬುದ್ಧೀ," ಎಂದ ಮಾಚಪ್ಪ. "ನಕ್ಷೆ ಕೆಟ್ಟದ್ದು, ಕೈ ಕೆಟ್ಟದ್ದಲ್ಲ. ಕೊರೆಯೋಕೆ ಬೇರೆ ಯಾರವ್ರೆ?"

ಮಗನನ್ನು ಕೊಂದ ಕೈಗೇ ಮಗಳನ್ನು ಒಪ್ಪಿಸಿ ಅರಸ ಬಾಗಿಲಲ್ಲಿ ನಿಂತ. ಹೊತ್ತು ಸರಿಯಲೇ ಇಲ್ಲ. ಕೊನೆಗೆ ಒಳಗಿನಿಂದ ಕ್ಷೀಣವಾದ ದನಿ ಬಂತು: "ನೋಯ್ತಿದೆ, ಅಪ್ಪಾಜಿ."

ಅರಸ ಬಿಕ್ಕಿ ಬಿಕ್ಕಿ ಅತ್ತ. ಮಾಚಪ್ಪನಿಗೆ ಅರ್ಧ ರಾಜ್ಯ ಬಂತು. ಒಗಟಿಗೆ ಇನ್ನು ಯಾರ ತಲೆಯನ್ನೂ ಕೇಳಕೂಡದೆಂದು ಅವನು ಮೊದಲ ಅಪ್ಪಣೆ ಹೊರಡಿಸಿದ. ಬೆಳಿಗ್ಗೆ ತಲೆ ಕಳೆದುಕೊಂಡ ರಾಜಕುಮಾರನ ಬಟ್ಟೆಯನ್ನು ಮಾತ್ರ ತಾನೇ ಒಗೆದು, ಒಣಗಿಸಿ, ಅವನ ತಾಯಿಗೆ ಕಳಿಸಿದ.