ಆಲದ ಮರಕ್ಕೆ ತೂಗುಹಾಕಿದ ಏಳನೇ ನಂಬರ್

ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಫುಟ್‌ಬಾಲ್ ಹುಚ್ಚು ಹಿಡಿದಿತ್ತು. ಬರೀ ಆಟದ ಹುಚ್ಚಾಗಿದ್ದರೆ ಚಿಂತೆ ಇರಲಿಲ್ಲ. ಆ ಕಾಡಿಗೂ ಗುಡ್ಡದಾಚೆಯ ಸೀಳುನಾಯಿಗಳಿಗೂ ನಡುವೆ ಇದ್ದದ್ದು ಒಂದೇ ಒಂದು ಕಲ್ಲುಕೊಳ. ಬೇಸಿಗೆಗೆ ಮುಂಚೆ ಎರಡು ಕಡೆಯವರೂ ಒಂದು ಪಂದ್ಯ ಆಡುತ್ತಿದ್ದರು. ಗೆದ್ದವರಿಗೆ ಬೇಸಿಗೆ ಮುಗಿಯುವ ತನಕ ಕೊಳದ ನೀರು. ಸೋತವರು ಸುಡುವ ಬಂಡೆಗಳನ್ನು ದಾಟಿ ದೂರದ ಹೊಳೆಗೆ ಹೋಗಬೇಕು. ಆ ದಾರಿಯಲ್ಲಿ ದೊಡ್ಡವರೇ ಬವಳಿ ಬಂದು ಬೀಳುತ್ತಿದ್ದರು. ಮರಿಗಳ ಪಾಡು ಕೇಳುವುದೇ ಬೇಡ.

ಕಾಡಿನ ತಂಡಕ್ಕೆ ಇದ್ದದ್ದು ಹನ್ನೊಂದು ಅಂಗಿ. ಗೀಜಗ ಹಕ್ಕಿಗಳು ಹುಲ್ಲಿನಲ್ಲಿ ನೇಯ್ದು, ಗುಲಗಂಜಿಯಿಂದ ನಂಬರ್ ಪೋಣಿಸಿದ ಅಂಗಿಗಳು. ಹನ್ನೊಂದರಿಂದಾಚೆ ಎಣಿಸಲು ಆ ಕಾಡಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ಹನ್ನೆರಡನೆಯ ಅಂಗಿ ಎಂಬುದೇ ಇರಲಿಲ್ಲ. ಪಂದ್ಯ ನಡೆಸುವ ಆನೆಯಜ್ಜಿ ಬಲು ಕಟ್ಟುನಿಟ್ಟು. ನಂಬರ್ ಅಂಗಿ ತೊಡದವರನ್ನು ಮೈದಾನದೊಳಗೆ ಬಿಡುತ್ತಿರಲಿಲ್ಲ.

ಏಳನೇ ನಂಬರ್ ಚೆನ್ನಿಗ ಎಂಬ ಜಿಂಕೆಯದು. ಅವನು ಎಡಗಡೆಯ ಅಂಚಿನಲ್ಲಿ ಓಡತೊಡಗಿದರೆ ಸೀಳುನಾಯಿಗಳಿಗೆ ಧೂಳು ಮಾತ್ರ ಕಾಣುತ್ತಿತ್ತು. ಕಳೆದ ಮಳೆಗಾಲದಲ್ಲಿ ಹಳ್ಳ ದಾಟುವಾಗ ಚೆನ್ನಿಗ ಕೊಚ್ಚಿಹೋದ. ಇಡೀ ಕಾಡೇ ಅತ್ತಿತು. ಅವನ ತಂಗಿ ಸಿಂಗಾರಿಯ ಕಣ್ಣೀರು ಮಾತ್ರ ಬೇಗ ನಿಲ್ಲಲಿಲ್ಲ. ಚಿಕ್ಕಂದಿನಿಂದ ದಿನಾ ಬೆಳಗ್ಗೆ ಅಣ್ಣನ ಜೊತೆ ಚೆಂಡು ಒದ್ದು ಬೆಳೆದವಳು ಅವಳು. ಈಗ ಅವಳಿಗೊಂದು ಪುಟ್ಟ ಮರಿ. ಅದರ ಕಾಲು ಇನ್ನೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಕೊಳ ಕೈತಪ್ಪಿದರೆ ಆ ಮರಿ ಹೊಳೆಯ ತನಕ ನಡೆಯಲಾರದು. ಸಿಂಗಾರಿಗೆ ಅದೊಂದೇ ಭಯ.

ಪಂದ್ಯ ಹತ್ತಿರ ಬಂತು. ತಂಡದ ನಾಯಕ ಕರಡಿ ದುಗ್ಗಪ್ಪ ಸಭೆ ಕರೆದ.

"ಏಳನೇ ನಂಬರ್ ಯಾರಿಗೆ ಕೊಡೋಣ?" ಎಂದು ಕೇಳಿದ.

ಹನ್ನೊಂದನೇ ನಂಬರಿನ ನರಿ ಕೆಂಚ ಎದೆ ಬಡಿದುಕೊಂಡು ಅತ್ತ. "ದುಗ್ಗಣ್ಣ, ಈ ಮಾತು ಆಡೋಕೆ ನಿಮಗೆ ಬಾಯಾದರೂ ಹೇಗೆ ಬಂತು? ಚೆನ್ನಿಗನ ಅಂಗಿ ಇನ್ನೊಬ್ಬರ ಮೈಮೇಲಾ? ಆ ನಂಬರಿಗೆ ನಿವೃತ್ತಿ ಕೊಡಿ. ಅಂಗೀನ ಆಲದ ಮರಕ್ಕೆ ತೂಗುಹಾಕಿ. ಅವನು ಓಡಿದ ಎಡ ಅಂಚಿಗೆ ಇನ್ನು ಯಾರೂ ಕಾಲಿಡಬಾರದು!"

ಎಲ್ಲರ ಕಣ್ಣೂ ಒದ್ದೆಯಾಯಿತು. ಸಿಂಗಾರಿ ಮೆಲ್ಲಗೆ ಕೇಳಿದಳು, "ಹಾಗಾದರೆ ಮೈದಾನದಲ್ಲಿ ಹತ್ತೇ ಜನ ಆಗ್ತೀರಲ್ಲ?"

"ಕೇಳಿದ್ರಾ?" ಎಂದು ಕೆಂಚ ಎಲ್ಲರ ಕಡೆ ತಿರುಗಿದ. "ಅಣ್ಣ ಹೋಗಿ ವರ್ಷ ತುಂಬಿಲ್ಲ, ತಂಗಿಗೆ ಆಗಲೇ ಅವನ ಅಂಗಿ ಮೇಲೆ ಕಣ್ಣು! ಹತ್ತು ಯಾಕಮ್ಮ? ಹನ್ನೊಂದನೆಯವನಾಗಿ ಚೆನ್ನಿಗನ ಆತ್ಮವೇ ಆಡುತ್ತೆ."

ಚಪ್ಪಾಳೆಯೋ ಚಪ್ಪಾಳೆ. ಸಿಂಗಾರಿ ತಲೆ ತಗ್ಗಿಸಿದಳು. ಆ ಅಂಗಿ ಅವಳಿಗೆ ಬೇಕಾಗಿದ್ದದ್ದು ನಿಜ. ಅದನ್ನು ತೊಟ್ಟರೆ ಅಣ್ಣ ಪಕ್ಕದಲ್ಲೇ ಇದ್ದಾನೆ ಅನ್ನಿಸೀತು ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ಅದಕ್ಕೇ ಆ ಮಾತು ಚುಚ್ಚಿತು. ಮುಸುವ ಕೋತಿ ಮರ ಹತ್ತಿ ಅಂಗಿ ತೂಗುಹಾಕಿದ.

ಪಂದ್ಯದ ದಿನ ಬಂತು. ಆನೆಯಜ್ಜಿ ಘೀಳಿಟ್ಟಳು. ಆಟ ಶುರುವಾಯಿತು.

ಸೀಳುನಾಯಿಗಳಿಗೆ ಎಡ ಅಂಚು ಹೆದ್ದಾರಿಯಾಗಿ ಸಿಕ್ಕಿತು. ಚೆಂಡು ತೆಗೆದುಕೊಂಡು ಅಲ್ಲೇ ನುಗ್ಗಿದವು. ಕಾಡುಹಂದಿ ಅಡ್ಡಹಾಕಲು ಓಡಿತು. ಅಂಚು ಬಂದಿದ್ದೇ ಗಕ್ಕನೆ ನಿಂತು, ಭಕ್ತಿಯಿಂದ ತಲೆಬಾಗಿಸಿತು. ಅಷ್ಟರಲ್ಲಿ ಗೋಲು! ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಇನ್ನೊಂದು ಗೋಲು. ಚೆನ್ನಿಗನ ಆತ್ಮ ಎಲ್ಲಿತ್ತೋ ಏನೋ, ಚೆಂಡಿನ ಹತ್ತಿರವಂತೂ ಇರಲಿಲ್ಲ. ಸಿಂಗಾರಿ ಮರಿಯನ್ನು ಮೈಗೆ ಒತ್ತಿಕೊಂಡು ಮೈದಾನದ ಹೊರಗೆ ನಿಂತಿದ್ದಳು.

ಆಗ ಕೆಂಚ "ಅಯ್ಯೋ ನನ್ನ ಕಾಲು!" ಎಂದು ಅವಳೆದುರಿಗೇ ಬಿದ್ದ. ಸೀಳುನಾಯಿಗಳ ನಾಯಕ ಅವನ ಮೇಲೆ ಬಗ್ಗಿ ಪಿಸುಗುಟ್ಟಿದ, "ಚೆನ್ನಾಗಿ ಬಿದ್ದೆ. ಕೊಳ ನಮ್ಮದಾಗಲಿ. ನೀರೂ ನಿನಗೆ, ನಾವು ತಿಂದು ಮಿಕ್ಕಿದ್ದೂ ನಿನಗೆ."

ಸಿಂಗಾರಿಯ ಕಿವಿ ನೆಟ್ಟಗಾಯಿತು. ಸಭೆಯಲ್ಲಿ ಕೆಂಚ ಸುರಿಸಿದ ಕಣ್ಣೀರಿನ ಗುಟ್ಟು ಈಗ ತಿಳಿಯಿತು. ಅವಳ ಮೈಯೆಲ್ಲ ಉರಿಯಿತು. ಕೂಗಿ ಹೇಳೋಣವೇ? ಯಾರು ನಂಬುತ್ತಾರೆ? ಅಂಗಿಯ ಆಸೆಗೆ ಸುಳ್ಳು ಹೇಳುತ್ತಾಳೆ ಅಂದಾರು.

ಅರ್ಧ ಆಟ ಮುಗಿಯಿತು. ಕೆಂಚ ನರಳುತ್ತ ನೆರಳಿನಲ್ಲಿ ಮಲಗಿದ. ಸಿಂಗಾರಿ ನೇರ ದುಗ್ಗಪ್ಪನ ಹತ್ತಿರ ಹೋದಳು.

"ದುಗ್ಗಣ್ಣ, ಆವತ್ತು ನಾನೇ ತಪ್ಪು ಮಾತಾಡಿದೆ. ದೊಡ್ಡ ಆಟಗಾರರ ನಂಬರಿಗೆ ನಿವೃತ್ತಿ ಕೊಡಲೇಬೇಕು. ಪಾಪ, ಕೆಂಚಣ್ಣ ನಮಗೋಸ್ಕರ ಕಾಲು ಮುರ್ಕೊಂಡಿದ್ದಾರೆ. ಅವರ ಹನ್ನೊಂದನೇ ನಂಬರನ್ನೂ ಈಗಲೇ ಮರಕ್ಕೆ ತೂಗುಹಾಕಿ."

"ಹೌದು ಹೌದು, ಹಾಗೇ ಆಗ್ಲಿ!" ಎಂದರು ಎಲ್ಲರೂ. ಮುಸುವ ಅಂಗಿ ಬಿಚ್ಚಲು ಬಂದ.

ಕೆಂಚ ಬೆಚ್ಚಿದ. ಅಂಗಿ ಮರ ಹತ್ತಿದರೆ ಇನ್ನೆಂದೂ ಆಡುವಂತಿಲ್ಲ. ಆಡದ ನರಿಯನ್ನು ಬರುವ ವರ್ಷ ಸೀಳುನಾಯಿಗಳು ಮೂಸಿಯೂ ನೋಡವು. ಅವನು ನಾಲ್ಕೂ ಕಾಲಿನ ಮೇಲೆ ಚಂಗನೆ ಎದ್ದ. "ಬೇಡ, ಬೇಡ! ನನ್ನ ಕಾಲು ಗಟ್ಟಿಯಾಗಿದೆ, ನೋಡಿ!" ಎಂದು ಕುಣಿದು ತೋರಿಸಿದ.

ಮುಸುವ ಅಂಗಿ ಬಿಟ್ಟು ಹಿಂದೆ ಸರಿದ.

"ಹೆದರ್ತೀರಿ ಯಾಕೆ ಕೆಂಚಣ್ಣ? ಅಂಗಿ ಮರದ ಮೇಲಿದ್ದರೂ ನಿಮ್ಮ ಆತ್ಮ ಆಡುತ್ತಲ್ಲ?" ಎಂದಳು ಸಿಂಗಾರಿ.

"ಆತ್ಮ ಎಲ್ಲಾದರೂ ಚೆಂಡು ಒದೆಯುತ್ತಾ? ಅದಕ್ಕೆ ಕಾಲು ಬೇಕು!" ಎಂದು ಕೆಂಚ ಸಿಟ್ಟಿನಲ್ಲಿ ಕಿರುಚಿದ. ಕಿರುಚಿದ ಮೇಲೆ ನಾಲಿಗೆ ಕಚ್ಚಿಕೊಂಡ.

ದುಗ್ಗಪ್ಪ ನಿಧಾನವಾಗಿ ಎದ್ದು ನಿಂತ. "ಮತ್ತೆ ಆವತ್ತು ಹೇಳಿದ್ದೇನೋ?"

ಆಗ ಸಿಂಗಾರಿ ತಾನು ಕೇಳಿಸಿಕೊಂಡದ್ದನ್ನೆಲ್ಲ ಹೇಳಿದಳು. ಈ ಸಲ ಎಲ್ಲರೂ ನಂಬಿದರು. ದುಗ್ಗಪ್ಪ ಕೆಂಚನ ಅಂಗಿ ಕಿತ್ತು, ಆಟ ನೋಡುತ್ತ ನಿಂತಿದ್ದ ಮುಂಗುಸಿಗೆ ತೊಡಿಸಿದ. ಮುಸುವ ಏಳನೇ ನಂಬರನ್ನು ಮರದಿಂದ ಇಳಿಸಿ ಸಿಂಗಾರಿಗೆ ತಂದುಕೊಟ್ಟ.

"ನಾನು ಅಣ್ಣನಷ್ಟು ಓಡಲಾರೆ," ಎಂದಳು ಸಿಂಗಾರಿ.

"ಅವನ ಜಾಗ ಖಾಲಿ ಬಿಟ್ಟು ತಪ್ಪು ಮಾಡಿದವನು ನಾನು. ನೀನು ಅಲ್ಲಿ ನಿಂತರೆ ಸಾಕು ತಾಯಿ," ಎಂದ ದುಗ್ಗಪ್ಪ.

ಆನೆಯಜ್ಜಿ ಮತ್ತೆ ಘೀಳಿಟ್ಟಳು. ಮೊದಲ ಚೆಂಡು ಸಿಂಗಾರಿಯ ಗೊರಸಿಗೆ ತಾಗಿ ಹೊರಗೆ ಹೋಯಿತು. "ಚೆನ್ನಿಗ ಇದ್ದಿದ್ದರೆ..." ಎಂದು ಯಾರೋ ನಿಟ್ಟುಸಿರಿಟ್ಟರು. ಅವಳಿಗೆ ಅಳು ಬಂತು. ಆದರೂ ಜಾಗ ಬಿಡಲಿಲ್ಲ. ಸೀಳುನಾಯಿಗಳು ರೂಢಿಯಾಗಿದ್ದ ಎಡ ಅಂಚಿಗೇ ನುಗ್ಗಿದವು. ಅವಳು ಅಡ್ಡ ನಿಂತು ಚೆಂಡು ಕಸಿದು ಕಾಡುಹಂದಿಗೆ ಕೊಟ್ಟಳು. ಗೋಲು! ಇನ್ನೊಮ್ಮೆ ಕಸಿದು ಮುಂಗುಸಿಗೆ ಕೊಟ್ಟಳು. ಮತ್ತೂ ಗೋಲು! ಈಗ ಸಮ ಸಮ. ಸೂರ್ಯ ಗುಡ್ಡದ ನೆತ್ತಿಗೆ ತಾಗಿದ್ದ. ಅವನು ಮುಳುಗಿದರೆ ಆಟ ಮುಗಿಯಿತು.

ಚೆಂಡು ಅವಳ ಕಾಲಿಗೆ ಬಂತು. ಎದುರಿಗೆ ಸೀಳುನಾಯಿಗಳ ನಾಯಕ ಹಲ್ಲು ಕಿರಿದು ನಿಂತಿದ್ದ. ಚೆನ್ನಿಗನಾಗಿದ್ದರೆ ಅವನ ಪಕ್ಕದಲ್ಲೇ ಹಾರಿಹೋಗುತ್ತಿದ್ದ. ಸಿಂಗಾರಿಗೆ ಆ ವೇಗ ಇರಲಿಲ್ಲ. ಅವಳು ಚೆಂಡನ್ನು ಅವನ ಕಾಲುಗಳ ಸಂದಿಯಲ್ಲಿ ತೂರಿಸಿದಳು. ಆ ಕಡೆ ಕಾದಿದ್ದ ಕಾಡುಹಂದಿ ಕಣ್ಣು ಮುಚ್ಚಿ ಒದೆಯಿತು. ಗೋಲು! ಸೂರ್ಯ ಮುಳುಗಿದ.

ಕೊಳ ಕಾಡಿನವರಿಗೆ ಉಳಿಯಿತು. ಕೆಂಚ ತನ್ನ ಪಾಲು ಕೇಳಲು ಸೀಳುನಾಯಿಗಳ ಬಳಿ ಓಡಿದ. ಸೋತ ಸಿಟ್ಟಿನಲ್ಲಿದ್ದ ಅವು ಅವನನ್ನು ಕಚ್ಚಿ ಅಟ್ಟಿದವು. ಕಾಡಿನವರೂ ಅವನನ್ನು ಕೊಳದ ಬಳಿ ಸೇರಿಸಲಿಲ್ಲ. ಮರಿಗಳನ್ನು ಯಾವ ದಾರಿಗೆ ನೂಕಲು ಹೊರಟಿದ್ದನೋ, ಆ ಬೇಸಿಗೆಯೆಲ್ಲ ಅದೇ ಬಂಡೆಗಳ ದಾರಿಯಲ್ಲಿ ಅವನು ಕುಂಟುತ್ತ ಹೊಳೆಗೆ ಹೋದ. ಈ ಸಲದ ಕುಂಟು ಮಾತ್ರ ನಿಜವಾದದ್ದು.

ಸಿಂಗಾರಿ ಕೆಸರಾಗಿದ್ದ ಅಂಗಿಯನ್ನು ಕೊಳದಲ್ಲಿ ತೊಳೆದಳು. ಮರಿ ಪಕ್ಕದಲ್ಲಿ ನೀರು ಕುಡಿಯುತ್ತ ಕೇಳಿತು, "ಅಮ್ಮಾ, ಇದನ್ನ ಮತ್ತೆ ಮರಕ್ಕೆ ಹಾಕ್ತಾರಾ?"

"ಇಲ್ಲ ಕಂದ. ನನ್ನ ಕಾಲು ಸೋತ ದಿನ ಇನ್ನೊಬ್ಬರು ತೊಡ್ತಾರೆ. ಆಗ ಅವರಿಗೆ ನಿನ್ನ ಮಾವನ ಕಥೆ ಹೇಳೋಣ," ಎಂದಳು ಸಿಂಗಾರಿ.

ನೀತಿ: ಅಗಲಿದವರ ಜಾಗವನ್ನು ಖಾಲಿ ಬಿಡುವುದಕ್ಕಿಂತ ಅವರ ಕೆಲಸವನ್ನು ಮುಂದುವರಿಸುವುದೇ ಅವರಿಗೆ ತೋರುವ ನಿಜವಾದ ಗೌರವ, ಆ ಗೌರವದ ಹೆಸರಿನಲ್ಲಿ ಮೋಸ ಮಾಡುವವನು ತನ್ನ ಮಾತಿಗೆ ತಾನೇ ಸಿಕ್ಕಿಬೀಳುತ್ತಾನೆ.