ಬೋರೇಶ ಮೋಟರಿನ ಗುರ್ ನಿಲ್ಲಿಸಿದ್ದು

ಕೇಳ್ರಪ್ಪಾ ಕೇಳಿ! ಸಂತೆಪೇಟೆ ಬೀದಿಯಲ್ಲಿ ಇಡ್ಲಿ ನಿಂಗಾಜಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಬೋರೇಶ. ವಯಸ್ಸು ಮೂವತ್ತು, ಮೈಯಲ್ಲಿ ಎತ್ತಿನ ಬಲ, ಮನಸ್ಸು ಬೆಣ್ಣೆ. ಬುದ್ಧಿ? ಅದೊಂದು ಕೇಳಬೇಡಿ! "ಬಾಗಿಲು ನೋಡ್ಕೊಳೋ" ಅಂದರೆ ಬಾಗಿಲನ್ನೇ ದಿಟ್ಟಿಸಿಕೊಂಡು ಕೂರುವವನು. ಕಿಟಕಿಯಿಂದ ಕಳ್ಳ ಬಂದು ಹೋದರೂ ಕತ್ತು ತಿರುಗಿಸುವವನಲ್ಲ. "ಇವನನ್ನ ಯಾವಳು ಕಟ್ಕೋತಾಳಪ್ಪಾ!" ಅಂತ ನಿಂಗಾಜಮ್ಮ ದಿನಾ ಹಣೆ ಚಚ್ಚಿಕೊಳ್ಳೋಳು.

ಬೋರೇಶನಿಗೆ ಮೀನು ಅಂದರೆ ಪ್ರಾಣ. ಬೆಂಚಿನ ಮೇಲೆ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ನಾಲ್ಕು ಕೆಂಪು ಮೀನು, ನೀರು ಸೋಸೋಕೆ ನೀರೊಳಗೇ ಒಂದು ಪುಟ್ಟ ಮೋಟರು. ಮೋಟರು ಗುರ್ ಅಂದರೆ ಗಾಜು ಗುರ್, ಗಾಜು ಗುರ್ ಅಂದರೆ ಬೆಂಚು ಗುರ್, ಬೆಂಚು ಗುರ್ ಅಂದರೆ ಪಕ್ಕದ ಇಡ್ಲಿ ತಟ್ಟೆಗಳೆಲ್ಲ ಗಿಲಗಿಲ ಗಿಲಗಿಲ!

ಹೀಗಿರುವಾಗ ಒಂದು ಸಂಬಂಧ ಕೂಡಿಬಂತು. ಹುಡುಗಿಗೆ ಬೋರೇಶನ ನಗುಮುಖ ಒಪ್ಪಿಗೆಯಾಗಿತ್ತು. ಅವಳಪ್ಪ ಕರಿಯಣ್ಣ ಭಾನುವಾರ ಮನೆ ನೋಡೋಕೆ ಬರೋನಿದ್ದ. ಹಿಂದಿನ ದಿನ ನಿಂಗಾಜಮ್ಮ ಮಗನನ್ನು ಕರೆದಳು.

"ಈ ಗದ್ದಲದಲ್ಲಿ ಬಂದೋರ ಮಾತೇ ಕೇಳಿಸಲ್ವಲ್ಲೋ! ಆ ಮೋಟರಿನ ಬಾಯಿ ಮುಚ್ಚಿಸು!"

"ಆಯ್ತವ್ವ!"

ಬೋರೇಶ ಬಗ್ಗಿ ನೋಡಿದ. ಹೌದಲ್ಲ, ಮೋಟರಿಗೆ ಬಾಯಿ ಇದೆ! ನೀರು ಎಳೆದುಕೊಳ್ಳೋ ಬಾಯಿ. ಹಳೇ ಬನಿಯನ್ ಹರಿದು ಅದಕ್ಕೆ ತುರುಕಿದ. ನೀರು ನಿಂತಿತು, ಸದ್ದು ನಿಲ್ಲಲಿಲ್ಲ. ಮೋಟರು ಕಾದು ಇನ್ನೂ ಜೋರಾಗಿ ಅರಚಿತು.

ನಿಂಗಾಜಮ್ಮ ಓಡಿಬಂದು ಬನಿಯನ್ ಕಿತ್ತೆಸೆದಳು. "ಅಯ್ಯೋ ಪೆದ್ದೇ! ಮೋಟರು ಸುಟ್ಟುಹೋಗ್ತದಲ್ಲೋ! ಬಾಯಿ ಮುಟ್ಟಬೇಡ. ಬೆಂಚು ಅದುರೋದಕ್ಕೇ ಇಷ್ಟು ಸದ್ದು. ಅದರ ಕಾಲಿನ ಕೆಳಗೆ ಮೆತ್ತಗಿರೋದು ಏನಾದ್ರೂ ಕೊಡು!"

"ಮೊದಲೇ ಹೇಳಬಾರದಿತ್ತೇನವ್ವ?"

ಮೆತ್ತಗಿರೋದು, ಮೆತ್ತಗಿರೋದು ಅಂತ ಬೋರೇಶ ಮನೆಯೆಲ್ಲ ಹುಡುಕಿದ. ಅವ್ವನ ಇಡ್ಲಿಗಿಂತ ಮೆತ್ತಗಿರೋದು ಊರಲ್ಲೇ ಇಲ್ಲ! ಬಿಸಿಬಿಸಿ ಎಂಟು ಇಡ್ಲಿ ತಂದ. ಬೆಂಚನ್ನು ಒಂದೊಂದೇ ಮೂಲೆ ಎತ್ತಿ ಕಾಲಿಗೆ ಎರಡೆರಡು ಇಟ್ಟ. ಪಚಕ್! ಬೆಂಚು ಓರೆಯಾಯ್ತು. ನೀರು ತುಳುಕಿತು. ಒಂದು ಮೀನು ಹಾರಿ ಚಟ್ನಿ ಪಾತ್ರೆಗೆ ಬಿತ್ತು. ಬೋರೇಶ ಅಳುತ್ತಾ ಅದನ್ನೆತ್ತಿ, ತೊಳೆದು, ನೀರಿಗೆ ಬಿಟ್ಟ. ಪುಣ್ಯಕ್ಕೆ ಬಾಲ ಆಡಿಸಿತು.

"ತಿನ್ನೋದನ್ನ ಇಡ್ತಾರೇನೋ ದಡ್ಡ ಮುಂಡೇದೆ! ರಬ್ಬರ್ ಇಡ್ಬೇಕು, ರಬ್ಬರ್! ಬೆಳಿಗ್ಗೆ ಬಾಗಿಲಲ್ಲಿರೋ ಚಪ್ಪಲಿ ಕತ್ತರಿಸಿ ಇಡು!"

"ಆಯ್ತವ್ವ!"

ಬೆಳಿಗ್ಗೆ ಬೋರೇಶ ಬಾಗಿಲಿಗೆ ಬಂದ. ಅವ್ವನ ಹಳೇ ಚಪ್ಪಲಿ ಸವೆದು ಹಪ್ಪಳವಾಗಿತ್ತು. ಪಕ್ಕದಲ್ಲೇ ದಪ್ಪ ರಬ್ಬರಿನ ಹೊಸ ಜೋಡಿ! ಕರ್ ಕರ್ ಕರ್, ನಾಲ್ಕು ತುಂಡು ಮಾಡಿ ಕಾಲಿಗೊಂದು ಇಟ್ಟ. ಬೆಂಚಿನ ಸದ್ದು ಅಡಗಿತು! ತಟ್ಟೆಗಳ ಗಿಲಗಿಲ ಅಡಗಿತು! ಅಷ್ಟರಲ್ಲಿ ಒಳಗೆ, ಮುಂಜಾನೆಯೇ ಬಂದಿಳಿದಿದ್ದ ಕರಿಯಣ್ಣ ಹತ್ತು ಇಡ್ಲಿ ಹೊಡೆದು ಚಾಪೆ ಮೇಲೆ ಒರಗಿಯೂ ಆಗಿತ್ತು.

ನಿಂಗಾಜಮ್ಮ ನೋಡಿದಳು. ಮಗನ ಕಿವಿ ಹಿಂಡಿದಳು.

"ಅವರ ಚಪ್ಪಲೀನೇನೋ ಕತ್ತರಿಸಿದ್ದು!" ಪಿಸುದನಿಯಲ್ಲೇ ಬೈದಳು. "ಅವರು ಏಳೋದ್ರೊಳಗೆ ಅಂಥದ್ದೇ ಜೋಡಿ ತರ್ತೀನಿ. ನೀನು ಏನೂ ಕತ್ತರಿಸಬೇಡ!"

"ಮೋಟರು ಇನ್ನೂ ಸಣ್ಣಗೆ ಗುರ್ ಅಂತಿದೆಯಲ್ಲವ್ವ?"

"ಗುರ್ ಅಂದ್ರೆ ಒಳಗೆ ಗಾಳಿ ಸೇರ್ಕೊಂಡಿದೆ ಅಂತ. ಮೊದಲು ಗುಂಡಿ ಒತ್ತಿ ಆರಿಸು. ಆಮೇಲೆ ನೀರೊಳಗೇ ಓರೆ ಮಾಡಿ ಅಲ್ಲಾಡಿಸು. ಗಾಳಿಯೆಲ್ಲ ಹೊರಗೆ ಹೋಗೋ ತನಕ ಬಿಡಬೇಡ!" ಅಂದವಳೇ ಪೇಟೆಗೆ ಓಡಿದಳು.

ಬೋರೇಶ ಗುಂಡಿ ಒತ್ತಿದ, ಓರೆ ಮಾಡಿದ, ಅಲ್ಲಾಡಿಸಿದ. ಗುಳುಗುಳು ಗುಳುಗುಳು, ಗಾಳಿ ಹೊರಗೆ! ಮತ್ತೆ ಹಾಕಿದರೆ ಮೋಟರು ಗಪ್‌ಚಿಪ್! ಬೋರೇಶನಿಗೆ ಹಿಗ್ಗೋ ಹಿಗ್ಗು. ಕೊನೆಗೂ ಅವ್ವನ ಮಾತು ನಡೆಸಿಕೊಟ್ಟೆ ಅಂತ ಕಣ್ಣಲ್ಲಿ ನೀರೇ ಬಂತು.

ಆಗ ಚಾಪೆ ಕಡೆಯಿಂದ ಬಂತು ಸದ್ದು. "ಗುರ್ ರ್ ರ್ ರ್..."

ಬೋರೇಶ ತಿರುಗಿ ನೋಡಿದ. ಅಯ್ಯೋ ಪಾಪ, ಮಾವನಿಗೂ ಗಾಳಿ ಸೇರಿಕೊಂಡಿದೆ!

ಮೊದಲು ಗುಂಡಿ. ಮಾವನ ಅಂಗಿಗೆ ಐದು ಗುಂಡಿ. ಒಂದು ಒತ್ತಿದ, ಗುರ್. ಎರಡು ಒತ್ತಿದ, ಗುರ್. ಐದೂ ಒತ್ತಿದ. ಮಾವ ಆರಲೇ ಇಲ್ಲ! ಆಮೇಲೆ ನೀರು. ಮಾವನನ್ನು ಮುಳುಗಿಸೋಕೆ ಮೀನಿನ ತೊಟ್ಟಿ ಸಾಲದು. ಸರಿ, ಬಚ್ಚಲಿಂದ ಎರಡು ಕೊಡ ತಂದು ತಲೆಯಿಂದ ಕಾಲವರೆಗೆ ಸುರಿದ. ಎರಡೂ ಕಾಲು ಹಿಡಿದು ಎತ್ತಿ ಓರೆ ಮಾಡಿದ. ಗಡಗಡ ಗಡಗಡ ಅಲ್ಲಾಡಿಸಿದ!

ಹತ್ತು ಇಡ್ಲಿ ತಿಂದ ಹೊಟ್ಟೆ. ತೇಗು ಬಂತು, ಬಿಕ್ಕಳಿಕೆ ಬಂತು, ಬರಬಾರದ್ದೂ ಬಂತು.

ನಿಂಗಾಜಮ್ಮ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರೆ, ಕರಿಯಣ್ಣ ತಲೆಕೆಳಗಾಗಿ ನೇತಾಡುತ್ತಾ "ಬಿಡೋ ಅಯ್ಯಾ! ಹೆಣ್ಣು ಕೊಡ್ತೀನಿ, ಬಿಡೋ!" ಅಂತ ಬೊಬ್ಬೆ ಹೊಡೀತಿದ್ದಾನೆ.

ಬೋರೇಶ ಬೆವರುತ್ತಾ ಕೂಗಿದ: "ಅವ್ವಾ, ಬೇಗ ಬಾ! ಗಾಳಿಯೆಲ್ಲ ಹೋಯ್ತು, ಸದ್ದು ಮಾತ್ರ ಜಾಸ್ತಿ ಆಯ್ತು. ಇವರ ಬಾಯಿಗೆ ಬನಿಯನ್ ತುರುಕಲೋ, ಕೆಳಗೆ ಇಡ್ಲಿ ಇಡಲೋ?"